ಮಕ್ಕಳ ಹಲ್ಲಿನ ಚಿಕಿತ್ಸೆಗೆ ಯಾವ ಅನಿಲ? ಪೋಷಕರು ಪದೇ ಪದೇ ಕೇಳುವ ಪ್ರಶ್ನೆಗಳು

ಮಗುವಿನ ಹುಳುಕು ಹಲ್ಲಿಗೆ ‘ಗ್ಯಾಸ್ ಕೊಟ್ಟು ಮಾಡೋಣ’ ಎಂದು ದಂತವೈದ್ಯರು ಹೇಳಿದ ಸಂಜೆ ಮನೆಯಲ್ಲಿ ಎರಡು ಪಕ್ಷಗಳಾಗುತ್ತವೆ. ಬಿದ್ದುಹೋಗುವ ಹಾಲುಹಲ್ಲಿಗೆ ಇಷ್ಟೆಲ್ಲ ಏಕೆ ಎಂಬುದು ಒಂದು ಪಕ್ಷ. ಮಗು ಎಚ್ಚರಗೊಳ್ಳದೇ ಹೋದರೆ ಗತಿ ಏನು ಎಂಬುದು ಇನ್ನೊಂದು. ಕೆಳಗಿನ ಪ್ರಶ್ನೆಗಳು ಆ ಸಂಜೆಯವು. ಉತ್ತರ ಬರೆದವರು ಅರಿವಳಿಕೆಯ ಕಡೆಯವರು, ಹಲ್ಲಿನ ಕಡೆಯವರಲ್ಲ. ಹಾಗಾಗಿ ಮಾತು ಉಸಿರಾಟದತ್ತ ತಿರುಗಿದಲ್ಲೆಲ್ಲ ಉತ್ತರ ಸ್ವಲ್ಪ ಉದ್ದವಾಗಿದೆ. ನಿಮ್ಮ ಮಗುವನ್ನು ಕಣ್ಣಾರೆ ಪರೀಕ್ಷಿಸಿದ ವೈದ್ಯರ ಮಾತು ಇಲ್ಲಿನ ಯಾವ ಸಾಲಿಗಿಂತಲೂ ಮೇಲು.

ನಗೆ ಅನಿಲ, ಸೆವೊಫ್ಲುರೇನ್ ಎಂದೆಲ್ಲ ಹೇಳುತ್ತಾರೆ. ಎಲ್ಲವೂ ಒಂದೇ ಅಲ್ಲವೇ?

ಖಂಡಿತ ಅಲ್ಲ. ನಗೆ ಅನಿಲ, ಅಂದರೆ ನೈಟ್ರಸ್ ಆಕ್ಸೈಡ್ ಕೊಟ್ಟಾಗ ಮಗು ಹಲ್ಲಿನ ಕುರ್ಚಿಯಲ್ಲೇ ಎಚ್ಚರವಾಗಿರುತ್ತದೆ. ‘ಬಾಯಿ ದೊಡ್ಡದಾಗಿ ತೆರೆ ಪುಟ್ಟಾ’ ಎಂದರೆ ತೆರೆಯುತ್ತದೆ, ಕೆಮ್ಮು ಬಂದರೆ ತಾನೇ ಕೆಮ್ಮುತ್ತದೆ. ಸೆವೊಫ್ಲುರೇನ್ ಕೊಟ್ಟಾಗ ಮಗು ಪೂರ್ತಿ ಮೈಮರೆಯುತ್ತದೆ. ಅದರ ಉಸಿರಾಟದ ಹೊಣೆಯನ್ನು ಬೇರೊಬ್ಬರು ಹೊರಬೇಕಾಗುತ್ತದೆ. ಮೊದಲನೆಯದನ್ನು ತರಬೇತಿ ಪಡೆದ ಮಕ್ಕಳ ದಂತವೈದ್ಯರು ಕ್ಲಿನಿಕ್‌ನಲ್ಲಿ ಕೊಡಬಹುದು. ಎರಡನೆಯದು ಶಸ್ತ್ರಚಿಕಿತ್ಸಾ ಕೊಠಡಿಯ ಕೆಲಸ. ಅದಕ್ಕೆಂದೇ ಓದಿದ ಅರಿವಳಿಕೆ ತಜ್ಞರು ಬೇಕು.

ಆದ್ದರಿಂದ ‘ಯಾವ ಅನಿಲ ಒಳ್ಳೆಯದು’ ಎಂದು ಮೊದಲೇ ಕೇಳುವುದರಿಂದ ಹೆಚ್ಚು ಉಪಯೋಗವಿಲ್ಲ. ಈ ಮಗುವಿಗೆ, ಈ ಕೆಲಸಕ್ಕೆ ಎಷ್ಟು ಆಳದ ಮಂಪರು ಬೇಕು ಎಂಬುದು ಮೊದಲು ತೀರ್ಮಾನವಾಗಬೇಕು. ಅದಾದರೆ ಅನಿಲದ ಆಯ್ಕೆ ಬಹುಪಾಲು ತಾನಾಗಿಯೇ ಆಗಿಬಿಡುತ್ತದೆ.

ಎಷ್ಟು ಆಳ ಬೇಕೆಂದು ಹೇಗೆ ತೀರ್ಮಾನಿಸುತ್ತಾರೆ?

ವಯಸ್ಸು, ಹಲ್ಲುಗಳ ಸಂಖ್ಯೆ, ಮಗುವಿನ ಸ್ವಭಾವ, ಮೊದಲೇ ಇರುವ ಕಾಯಿಲೆ. ಏಳು ವರ್ಷದ, ಸ್ವಲ್ಪ ಅಂಜುಬುರುಕ ಆದರೆ ಮಾತು ಕೇಳುವ ಹುಡುಗಿಗೆ ಎರಡು ಹಲ್ಲು ತುಂಬಿಸಬೇಕೆಂದರೆ ನಗೆ ಅನಿಲ ಸಾಕು. ಮೂರು ವರ್ಷದ ಮಗುವಿಗೆ ಬಾಟಲಿ ಹಾಲಿನ ಹುಳುಕು ಹತ್ತು ಹಲ್ಲುಗಳಿಗೆ ಹರಡಿ, ನಾಲ್ಕಕ್ಕೆ ಬೇರಿನ ಚಿಕಿತ್ಸೆ, ಆರಕ್ಕೆ ಸ್ಟೀಲ್ ಕ್ಯಾಪ್ ಬೇಕೆಂದರೆ ಪೂರ್ತಿ ಅರಿವಳಿಕೆಯೇ ದಯೆಯ ದಾರಿ. ನಾಲ್ಕು ಜನ ಸೇರಿ ಕೈಕಾಲು ಹಿಡಿದು ಮಾಡಿದರೆ ಹಲ್ಲೇನೋ ಸರಿಯಾಗುತ್ತದೆ, ಆದರೆ ಆ ಮಗು ಮುಂದೆ ದಂತವೈದ್ಯರ ಬಾಗಿಲು ತುಳಿಯುವುದಿಲ್ಲ. ಆಟಿಸಂ ಇರುವ, ಬೆಳವಣಿಗೆ ನಿಧಾನವಾಗಿರುವ ಮಕ್ಕಳಲ್ಲೂ ಎಷ್ಟೋ ಸಲ ಇದೇ ಲೆಕ್ಕಾಚಾರ.

ಏನೂ ಕೊಡದೆ ಮಾಡಬಹುದಾದ ಕೆಲಸವೂ ಬಹಳ ಇದೆ ಎಂಬುದನ್ನು ಮರೆಯಬಾರದು. ಹೇಳಿ, ತೋರಿಸಿ, ಆಮೇಲೆ ಮಾಡುವ ತಾಳ್ಮೆ ಇರುವ ವೈದ್ಯರ ಕೈಯಲ್ಲಿ ಎಷ್ಟೋ ಮಕ್ಕಳಿಗೆ ಯಾವ ಅನಿಲವೂ ಬೇಕಾಗುವುದಿಲ್ಲ.

ನಗೆ ಅನಿಲ ಕೊಟ್ಟರೆ ಮಗು ನಿಜವಾಗಿ ನಗುತ್ತದೆಯೇ?

ಕೆಲವರು ನಗುತ್ತಾರೆ. ಹೆಚ್ಚಿನವರು ಸುಮ್ಮನೆ ಹಗುರಾಗುತ್ತಾರೆ. ಕೈಕಾಲಿನ ತುದಿಯಲ್ಲಿ ಜುಮ್ಮೆನ್ನುತ್ತದೆ, ಹೊತ್ತು ಹೋದದ್ದು ತಿಳಿಯುವುದಿಲ್ಲ. ಹಲ್ಲಿಗೂ ಈ ಅನಿಲಕ್ಕೂ ಹಳೆಯ ನಂಟಿದೆ. 1772ರಲ್ಲಿ ಜೋಸೆಫ್ ಪ್ರೀಸ್ಟ್ಲಿ ಇದನ್ನು ಮೊದಲು ತಯಾರಿಸಿದ. ಹಂಫ್ರಿ ಡೇವಿ 1800ರಲ್ಲಿ, ಇದು ನೋವು ಕಳೆಯುವುದರಿಂದ ಶಸ್ತ್ರಚಿಕಿತ್ಸೆಗೆ ಉಪಯೋಗವಾದೀತು ಎಂದು ಬರೆದಿಟ್ಟ. ಆಮೇಲೆ ನಾಲ್ಕು ದಶಕ ಅದು ಜಾತ್ರೆ, ಪ್ರದರ್ಶನಗಳ ಮೋಜಾಗಿಯೇ ಉಳಿಯಿತು. ಕೊನೆಗೆ 1844ರ ಡಿಸೆಂಬರ್ 11ರಂದು ಅಮೆರಿಕದ ಹಾರ್ಟ್‌ಫರ್ಡ್‌ನ ದಂತವೈದ್ಯ ಹೊರೇಸ್ ವೆಲ್ಸ್ ಅದನ್ನು ತಾನೇ ಸೇವಿಸಿ ತನ್ನದೇ ಹಲ್ಲು ಕೀಳಿಸಿಕೊಂಡ. ಬಳಕೆಯಲ್ಲಿರುವ ಅರಿವಳಿಕೆ ಅನಿಲಗಳಲ್ಲಿ ಇದಕ್ಕಿಂತ ಹಳೆಯದಿಲ್ಲ.

ಅದು ಹೆಚ್ಚಾಗಿ ಮಗು ಪ್ರಜ್ಞೆ ತಪ್ಪಿದರೆ?

ಈ ಅನಿಲದ ದೌರ್ಬಲ್ಯವೇ ಇಲ್ಲಿ ಮಗುವಿಗೆ ರಕ್ಷಣೆ. ಕೊಯ್ದರೂ ಅಲುಗದಷ್ಟು ಮಂಪರು ಬರಲು ಉಸಿರಿನಲ್ಲಿ ಎಷ್ಟು ಪ್ರಮಾಣದ ಅನಿಲ ಬೇಕು ಎಂಬುದಕ್ಕೆ ಅರಿವಳಿಕೆ ಶಾಸ್ತ್ರದಲ್ಲಿ ಒಂದು ಅಳತೆ ಇದೆ. ಮಕ್ಕಳಲ್ಲಿ ಸೆವೊಫ್ಲುರೇನ್‌ಗೆ ಅದು ಸುಮಾರು ಶೇ. 2.5. ನೈಟ್ರಸ್ ಆಕ್ಸೈಡ್‌ಗೆ ಶೇ. 104. ಸಾಮಾನ್ಯ ಗಾಳಿಯ ಒತ್ತಡದಲ್ಲಿ ನೂರಕ್ಕಿಂತ ಹೆಚ್ಚು ಕೊಡುವುದು ಸಾಧ್ಯವೇ ಇಲ್ಲವಲ್ಲ! ಅಂದರೆ ಇದೊಂದನ್ನೇ ಕೊಟ್ಟು ಪೂರ್ಣ ಅರಿವಳಿಕೆ ಮಾಡಲಾಗದು.

ಬಳಸುವ ಕ್ರಮ ಹೀಗಿದೆ: ಮೊದಲು ಬರೀ ಆಮ್ಲಜನಕ. ಆಮೇಲೆ ಸ್ವಲ್ಪ ಸ್ವಲ್ಪವೇ ನೈಟ್ರಸ್ ಏರಿಸುತ್ತ ಮಗು ಹಗುರಾದ ಹಂತದಲ್ಲಿ ನಿಲ್ಲಿಸುವುದು. ಬಹುತೇಕ ಮಕ್ಕಳಿಗೆ ಶೇ. 30ರಿಂದ 50ರೊಳಗೆ ಕೆಲಸ ಆಗುತ್ತದೆ. ದಂತ ಚಿಕಿತ್ಸೆಗೆಂದೇ ಮಾಡಿದ ಯಂತ್ರಗಳು ಶೇ. 70ರ ಮೇಲೆ ನೈಟ್ರಸ್ ಹೋಗಲು ಬಿಡುವುದಿಲ್ಲ. ಆಮ್ಲಜನಕ ನಿಂತರೆ ನೈಟ್ರಸ್ ಕೂಡ ನಿಲ್ಲುತ್ತದೆ. ಕೆಲಸ ಮುಗಿದ ಮೇಲೆ ಐದು ನಿಮಿಷ ಮತ್ತೆ ಬರೀ ಆಮ್ಲಜನಕ ಕೊಡಬೇಕು. ರಕ್ತದಿಂದ ನೈಟ್ರಸ್ ರಭಸದಿಂದ ಶ್ವಾಸಕೋಶಕ್ಕೆ ಮರಳುವಾಗ ಅಲ್ಲಿನ ಆಮ್ಲಜನಕವನ್ನು ತೆಳುವಾಗಿಸುತ್ತದೆ, ಅದಕ್ಕಾಗಿ. ‘ಮುಗಿಯಿತು, ಎದ್ದೇಳು’ ಎಂದು ಕೂಡಲೇ ಮಾಸ್ಕ್ ತೆಗೆಯುವ ಕಡೆ ನಿಮಗೆ ಅನುಮಾನ ಬಂದರೆ ತಪ್ಪಿಲ್ಲ.

ಇದು ನೈಟ್ರಸ್ ಒಂದನ್ನೇ ಕೊಟ್ಟಾಗಿನ ಮಾತು. ಬಾಯಿಂದ ಕುಡಿಸುವ ಮಿಡಜೋಲಾಮ್ ಎಂಬ ಮಂಪರು ಮದ್ದು, ಜೊತೆಗೊಂದು ಚುಚ್ಚುಮದ್ದು, ಮೇಲೆ ನೈಟ್ರಸ್ ಎಂದು ಬೆರೆಸತೊಡಗಿದರೆ ಲೆಕ್ಕ ಬದಲಾಗುತ್ತದೆ. ‘ಸ್ವಲ್ಪ ನಿದ್ದೆ’ ಎಂದು ಶುರುವಾದದ್ದು ತಿಳಿಯದೆ ಆಳಕ್ಕೆ ಜಾರಬಲ್ಲದು. ನನ್ನ ಅಭಿಪ್ರಾಯದಲ್ಲಿ ಒಪ್ಪವಾದ ಪೂರ್ಣ ಅರಿವಳಿಕೆಗಿಂತ, ಯಾರೂ ನೋಡಿಕೊಳ್ಳದ ಈ ಅರೆಬರೆ ಮಂಪರಿಗೇ ಹೆಚ್ಚು ಹೆದರಬೇಕು.

ನಗೆ ಅನಿಲ ಇದ್ದರೆ ಮರಗಟ್ಟಿಸುವ ಸೂಜಿ ಬೇಡವೇ?

ಬೇಕು. ಅನಿಲ ಭಯವನ್ನು ಕರಗಿಸುತ್ತದೆ, ನೋವನ್ನು ಕೊಂಚ ಮಂದ ಮಾಡುತ್ತದೆ. ನರ ಮುಟ್ಟುವ ಕೆಲಸಕ್ಕೆ ಮರಗಟ್ಟಿಸುವ ಮದ್ದಾದ ಲಿಗ್ನೊಕೇನ್ ಬೇಕೇ ಬೇಕು. ಸೂಜಿ ಚುಚ್ಚಿದ್ದನ್ನು ಮಗು ಲೆಕ್ಕಿಸದಂತೆ ಮಾಡುವುದೇ ಅನಿಲದ ಉಪಕಾರ.

ಯಾವ ಮಕ್ಕಳಿಗೆ ನಗೆ ಅನಿಲ ಆಗುವುದಿಲ್ಲ?

ಎಲ್ಲಕ್ಕಿಂತ ಸಾಮಾನ್ಯ ಕಾರಣ ತೀರ ಸರಳ: ಮೂಗು ಕಟ್ಟಿರುವುದು. ಮಾಸ್ಕ್ ಮೂಗಿನ ಮೇಲೆ ಕೂರುತ್ತದೆ, ಬಾಯಿ ದಂತವೈದ್ಯರ ಪಾಲು. ನೆಗಡಿ, ಊದಿದ ಅಡೆನಾಯ್ಡ್ (ಮೂಗಿನ ಹಿಂಭಾಗದ ಗ್ರಂಥಿ), ಸದಾ ಬಾಯಲ್ಲೇ ಉಸಿರಾಡುವ ಅಭ್ಯಾಸ ಇದ್ದರೆ ಅನಿಲ ಒಳಗೇ ಹೋಗುವುದಿಲ್ಲ. ಚೀರಾಡಿ ಅಳುತ್ತಿರುವ ಮಗುವೂ ಬಾಯಲ್ಲೇ ಉಸಿರಾಡುತ್ತದೆ. ಆದ್ದರಿಂದ ಮಾಸ್ಕನ್ನು ಕಿತ್ತೆಸೆಯುವ ಮಗುವಿಗೆ ಬಲವಂತ ಮಾಡಿ ಫಲವಿಲ್ಲ. ಕೆಲವು ಕ್ಲಿನಿಕ್‌ಗಳು ಮಾಸ್ಕನ್ನು ಮುಂಚಿತವಾಗಿ ಮನೆಗೆ ಕೊಟ್ಟು ಆಟದಲ್ಲಿ ಅಭ್ಯಾಸ ಮಾಡಿಸುತ್ತವೆ. ಇದು ನನಗೆ ಬಹಳ ಮೆಚ್ಚುಗೆಯಾದ ಉಪಾಯ.

ಇನ್ನೊಂದು ಕಾರಣ, ಈ ಅನಿಲ ದೇಹದಲ್ಲಿ ಗಾಳಿ ತುಂಬಿರುವ ಮುಚ್ಚಿದ ಜಾಗಗಳಿಗೆ ನುಗ್ಗಿ ಅವನ್ನು ಹಿಗ್ಗಿಸುತ್ತದೆ. ಕಿವಿಯೊಳಗೆ ಸೋಂಕು, ಕರುಳಿನ ಅಡಚಣೆ, ಎದೆಗೂಡಿನಲ್ಲಿ ಸೇರಿಕೊಂಡ ಗಾಳಿ, ಇತ್ತೀಚೆಗೆ ಅನಿಲ ತುಂಬಿ ಮಾಡಿದ ಕಣ್ಣಿನ ಶಸ್ತ್ರಚಿಕಿತ್ಸೆ, ಇವೆಲ್ಲ ಇದ್ದರೆ ಬೇಡ.

ಮೂರನೆಯದು ನಮ್ಮ ಕಡೆ ವಿಶೇಷವಾಗಿ ಕೇಳಬೇಕಾದದ್ದು: ಬಿ12 ಜೀವಸತ್ವ. ನೈಟ್ರಸ್ ಆಕ್ಸೈಡ್ ದೇಹದಲ್ಲಿರುವ ಬಿ12ನ್ನು ನಿಷ್ಕ್ರಿಯಗೊಳಿಸುತ್ತದೆ. ಆರೋಗ್ಯವಂತ ಮಗುವಿಗೆ ಅರ್ಧ ಗಂಟೆಯ ಬಳಕೆಯಿಂದ ಏನೂ ಆಗದು. ಶುದ್ಧ ಸಸ್ಯಾಹಾರಿ ಮನೆಗಳಲ್ಲಿ ಬಿ12 ಕೊರತೆ ಅಪರೂಪವಲ್ಲವಾದ್ದರಿಂದ, ಮಗುವಿಗೆ ಆ ಕೊರತೆ ಇದೆಯೆಂದು ಗೊತ್ತಿದ್ದರೆ, ಅದಕ್ಕೆ ಚಿಕಿತ್ಸೆ ನಡೆಯುತ್ತಿದ್ದರೆ ಮೊದಲೇ ಹೇಳಿ.

ಪೂರ್ಣ ಅರಿವಳಿಕೆಗೆ ಎಲ್ಲರೂ ಸೆವೊಫ್ಲುರೇನ್ ಎನ್ನುತ್ತಾರೆ. ಅದೇ ಏಕೆ?

ಮಕ್ಕಳಿಗೆ ಮೊದಲು ಸೂಜಿ ಹಾಕುವುದು ಕಷ್ಟ, ಆದ್ದರಿಂದ ಮಾಸ್ಕ್‌ನಲ್ಲಿ ಉಸಿರಾಡಿಸಿಯೇ ನಿದ್ದೆ ಬರಿಸುವ ಪದ್ಧತಿ ಬೆಳೆಯಿತು. ಹಾಗೆ ಉಸಿರಾಡಿಸಬೇಕಾದರೆ ಅನಿಲ ಘಾಟಾಗಿರಬಾರದು, ಗಂಟಲು ಕೆರೆಯಬಾರದು, ಬೇಗ ಹಿಡಿಯಬೇಕು, ಹೃದಯವನ್ನು ಕಾಡಬಾರದು. ಈ ನಾಲ್ಕೂ ಒಟ್ಟಿಗೆ ಸಿಗುವುದು ಸೆವೊಫ್ಲುರೇನ್‌ನಲ್ಲಿ. ವಾಸನೆ ತುಸು ಸಿಹಿ. ರಕ್ತದಲ್ಲಿ ಕಡಿಮೆ ಕರಗುವ ಅನಿಲ ಮಿದುಳನ್ನು ಬೇಗ ಮುಟ್ಟುತ್ತದೆ, ಬೇಗ ಬಿಟ್ಟೂ ಹೋಗುತ್ತದೆ. ಈ ಕರಗುವಿಕೆಯ ಅಂಕಿ ಹಿಂದೆ ಬಳಸುತ್ತಿದ್ದ ಹ್ಯಾಲೊಥೇನ್ ಎಂಬ ಅನಿಲಕ್ಕೆ 2.4, ಸೆವೊಫ್ಲುರೇನ್‌ಗೆ 0.65. ಆರಂಭದಲ್ಲಿ ಶೇ. 8ರವರೆಗೆ ಕೊಟ್ಟರೆ ಒಂದೆರಡು ನಿಮಿಷದಲ್ಲಿ ಮಗು ಮಲಗುತ್ತದೆ, ಆಮೇಲೆ ಇಳಿಸುತ್ತಾರೆ. ಜಪಾನಿನಲ್ಲಿ 1990ರಲ್ಲಿ, ಅಮೆರಿಕದಲ್ಲಿ 1995ರಲ್ಲಿ ಇದಕ್ಕೆ ಅನುಮತಿ ಸಿಕ್ಕಿತು.

ಗುರುತು ಹಿಡಿಯುವ ಕುತೂಹಲವಿದ್ದರೆ, ಯಂತ್ರದ ಮೇಲೆ ಹಳದಿ ಬಣ್ಣದ ಪಟ್ಟಿಯಿರುವ ಆವಿಕಾರಕ (ದ್ರವರೂಪದ ಮದ್ದನ್ನು ಆವಿಯಾಗಿಸುವ ಡಬ್ಬಿ) ಸೆವೊಫ್ಲುರೇನ್‌ನದು. ಕೆಂಪು ಹ್ಯಾಲೊಥೇನ್, ನೇರಳೆ ಐಸೊಫ್ಲುರೇನ್, ನೀಲಿ ಡೆಸ್ಫ್ಲುರೇನ್.

ದೋಷವೂ ಇದೆ. ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ ನಿದ್ದೆ ಬರಿಸುವ ಹೊತ್ತಿಗೆ ಹೃದಯದ ಬಡಿತ ಇಳಿಯಬಲ್ಲದು. ಅವರಿಗೆ ನಿಧಾನವಾಗಿ ಏರಿಸುತ್ತಾರೆ. ಎಚ್ಚರಗೊಳ್ಳುವಾಗಿನ ಗಲಾಟೆಯ ಬಗ್ಗೆ ಮುಂದೆ ಪ್ರತ್ಯೇಕ ಪ್ರಶ್ನೆಯೇ ಇದೆ.

ಹ್ಯಾಲೊಥೇನ್ ಅಗ್ಗ, ಹಿಂದೆಲ್ಲ ಅದನ್ನೇ ಕೊಡುತ್ತಿದ್ದರಲ್ಲ?

ಹೌದು. 1956ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನಲ್ಲಿ ಬಳಕೆಗೆ ಬಂದ ಮೇಲೆ ದಶಕಗಳ ಕಾಲ ಮಕ್ಕಳ ಅರಿವಳಿಕೆ ಎಂದರೆ ಹ್ಯಾಲೊಥೇನ್ ಎಂದೇ ಆಗಿತ್ತು. ಅದಕ್ಕೂ ಸಿಹಿ ವಾಸನೆ, ಅದೂ ಗಂಟಲು ಕೆರೆಯದು. ಇಂದು ಐವತ್ತು ದಾಟಿದವರಲ್ಲಿ ಚಿಕ್ಕಂದಿನಲ್ಲಿ ಟಾನ್ಸಿಲ್ ತೆಗೆಸಿಕೊಂಡವರಿದ್ದರೆ, ಅವರಲ್ಲಿ ಬಹಳ ಮಂದಿಗೆ ಅದೇ ನಿದ್ದೆ ಬರಿಸಿದ್ದಿರಬಹುದು.

ಆದರೆ ಹಲ್ಲಿನ ಕೆಲಸಕ್ಕೇ ಅದು ಹೊಂದದಿರಲು ಒಂದು ಗಟ್ಟಿ ಕಾರಣವಿದೆ. ಹ್ಯಾಲೊಥೇನ್ ಹೃದಯವನ್ನು ಅಡ್ರಿನಲಿನ್‌ಗೆ ಅತಿಸೂಕ್ಷ್ಮ ಮಾಡುತ್ತದೆ. ದಂತವೈದ್ಯರು ಬಳಸುವ ಲಿಗ್ನೊಕೇನ್‌ನಲ್ಲಿ ರಕ್ತ ಸೋರದಿರಲೆಂದು ಅಡ್ರಿನಲಿನ್ ಬೆರೆಸಿರುತ್ತಾರೆ. ಹೆದರಿದ, ನೋವಿನಲ್ಲಿರುವ ಮಗುವಿನ ದೇಹವೂ ತಾನಾಗಿಯೇ ಅಡ್ರಿನಲಿನ್ ಸುರಿಸುತ್ತದೆ. ಹೀಗೆ ಹಲ್ಲು ಕೀಳುವ ಹೊತ್ತಿಗೇ ಹೃದಯದ ಬಡಿತ ತಾಳ ತಪ್ಪುವುದು ಹ್ಯಾಲೊಥೇನ್ ಕಾಲದಲ್ಲಿ ಚಿರಪರಿಚಿತವಾಗಿತ್ತು. ಜೊತೆಗೆ, ಮಕ್ಕಳಲ್ಲಿ ವಿರಳವಾದರೂ, ಯಕೃತ್ತಿನ ತೀವ್ರ ಉರಿಯೂತದ ಅಪಾಯ. ಸೆವೊಫ್ಲುರೇನ್ ಸಿಗುವ ಕಡೆ ದುಡ್ಡು ಉಳಿಸಲು ಹ್ಯಾಲೊಥೇನ್ ಆರಿಸಿಕೊಳ್ಳಬೇಕಾಗಿಲ್ಲ.

ಐಸೊಫ್ಲುರೇನ್, ಡೆಸ್ಫ್ಲುರೇನ್?

ಎರಡೂ ಘಾಟು. ಎಚ್ಚರವಿರುವ ಮಗುವಿಗೆ ಉಸಿರಾಡಿಸಿದರೆ ಕೆಮ್ಮು, ಉಸಿರು ಹಿಡಿಯುವುದು, ಧ್ವನಿಪೆಟ್ಟಿಗೆ ಸೆಳೆತದಿಂದ ಮುಚ್ಚಿಕೊಳ್ಳುವುದು, ಇವೆಲ್ಲ ಆಗಬಹುದು. ಹಾಗಾಗಿ ನಿದ್ದೆ ಬರಿಸಲು ಬಳಸುವುದಿಲ್ಲ. ಸೆವೊಫ್ಲುರೇನ್‌ನಿಂದ ಮಲಗಿಸಿ, ಶ್ವಾಸನಾಳಕ್ಕೆ ಕೊಳವೆ ಹಾಕಿದ ಮೇಲೆ ಐಸೊಫ್ಲುರೇನ್‌ಗೆ ಬದಲಿಸುವವರಿದ್ದಾರೆ. ದೀರ್ಘ ಕೆಲಸಕ್ಕೆ ಖರ್ಚು ಕಡಿಮೆ, ಅದರಲ್ಲಿ ತಪ್ಪೇನಿಲ್ಲ. ಡೆಸ್ಫ್ಲುರೇನ್ ಕುದಿಯುವುದು ಸುಮಾರು 23 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಅಂದರೆ ಬೆಂಗಳೂರಿನ ಹಿತವಾದ ಮಧ್ಯಾಹ್ನದಲ್ಲೇ! ಅದಕ್ಕೆಂದೇ ವಿಶೇಷ ಆವಿಕಾರಕ ಬೇಕು. ಭೂಮಿಯನ್ನು ಬಿಸಿಯಾಗಿಸುವ ಶಕ್ತಿಯಲ್ಲಿ ಇದು ಇಂಗಾಲದ ಡೈಆಕ್ಸೈಡ್‌ಗಿಂತ ಎರಡು ಸಾವಿರ ಪಟ್ಟಿಗೂ ಮಿಗಿಲು. ಸ್ಕಾಟ್ಲೆಂಡ್ 2023ರಲ್ಲೇ ಇದನ್ನು ಕೈಬಿಟ್ಟಿತು, ಐರೋಪ್ಯ ಒಕ್ಕೂಟ 2026ರ ಜನವರಿಯಿಂದ ಅತ್ಯಗತ್ಯ ಸಂದರ್ಭಗಳಿಗಷ್ಟೇ ಸೀಮಿತಗೊಳಿಸಿದೆ. ಮಕ್ಕಳ ಹಲ್ಲಿಗೆ ಇದು ಬೇಕೆನ್ನಲು ನನಗೆ ಕಾರಣ ಕಾಣುವುದಿಲ್ಲ.

ಅನಿಲವೇ ಬೇಡ, ರಕ್ತನಾಳದ ಮೂಲಕವೇ ಮದ್ದು ಕೊಡಬಾರದೇ?

ಕೊಡಬಹುದು. ಪ್ರೊಪೊಫಾಲ್ ಎಂಬ ನಿದ್ದೆಯ ಮದ್ದನ್ನು ಸತತವಾಗಿ ಹರಿಸಿ ಪೂರ್ತಿ ಕೆಲಸ ಮುಗಿಸಬಹುದು. ವಾಂತಿ ಕಡಿಮೆ, ಎಚ್ಚರಗೊಳ್ಳುವಾಗಿನ ಗಲಾಟೆಯೂ ಕಡಿಮೆ. ಅನಿಲ ಕೊಡಲೇಬಾರದ ಕೆಲವು ಮಕ್ಕಳಿಗೆ ಇದೊಂದೇ ದಾರಿ. ತೊಡಕು ಮೊದಲ ಸೂಜಿಯದು. ಒಂದು ಗಂಟೆ ಮುಂಚೆ ಕೈಗೆ ಮರಗಟ್ಟಿಸುವ ಮುಲಾಮು ಹಚ್ಚಿದರೆ ಎಷ್ಟೋ ಮಕ್ಕಳು ಸೂಜಿಯನ್ನು ಸಹಿಸಿಕೊಳ್ಳುತ್ತಾರೆ. ನಿಮ್ಮ ಮಗು ಮಾಸ್ಕ್‌ಗೆ ಹೆಚ್ಚು ಹೆದರುತ್ತದೋ ಸೂಜಿಗೋ ಎಂಬುದು ನಿಮಗೇ ಚೆನ್ನಾಗಿ ಗೊತ್ತು. ಅರಿವಳಿಕೆ ತಜ್ಞರಿಗೆ ಹೇಳಿ.

ಎಚ್ಚರವಾದಾಗ ಮಗು ಅಮ್ಮನನ್ನೂ ಗುರುತಿಸದೆ ಒದ್ದಾಡಿತಂತೆ. ಏನಾಗಿತ್ತು?

ಸೆವೊಫ್ಲುರೇನ್ ನಂತರ ಇದು ಸಾಮಾನ್ಯ, ಎರಡರಿಂದ ಐದು ವರ್ಷದವರಲ್ಲಿ ಇನ್ನೂ ಹೆಚ್ಚು. ಕಣ್ಣು ತೆರೆದಿರುತ್ತದೆ, ಆದರೆ ನೋಟ ಯಾರ ಮೇಲೂ ನಿಲ್ಲುವುದಿಲ್ಲ. ಅಳು, ಕೊಸರಾಟ, ಕೈಯಲ್ಲಿದ್ದ ಸೂಜಿಯನ್ನು ಕಿತ್ತುಹಾಕುವ ಪ್ರಯತ್ನ. ನೋವು ಇದ್ದರೆ ಹೆಚ್ಚುತ್ತದೆ, ಇಲ್ಲದಿದ್ದರೂ ಬರಬಹುದು. ಸಾಮಾನ್ಯವಾಗಿ ಕಾಲು ಗಂಟೆ, ಕೆಲವೊಮ್ಮೆ ಅರ್ಧ ಗಂಟೆ. ಆಮೇಲೆ ಮಗು ನಿದ್ದೆಗೆ ಜಾರಿ, ಎದ್ದಾಗ ಏನೂ ನೆನಪಿಲ್ಲದಂತೆ ಎಳನೀರು ಕೇಳುತ್ತದೆ. ನೆನಪು ಉಳಿಯುವುದು ತಾಯಿತಂದೆಗೆ.

ಇದನ್ನು ಕಡಿಮೆ ಮಾಡಬಹುದು. ಕೊನೆಯಲ್ಲಿ ಸ್ವಲ್ಪ ಪ್ರೊಪೊಫಾಲ್ ಅಥವಾ ಡೆಕ್ಸ್‌ಮೆಡಿಟೊಮಿಡಿನ್ ಎಂಬ ಶಮನಕಾರಿ ಮದ್ದು ಕೊಡುವುದು, ನೋವಿಗೆ ಮುಂಚಿತವಾಗಿ ಮದ್ದು ಕೊಡುವುದು, ಚೇತರಿಕೆ ಕೊಠಡಿಯಲ್ಲಿ ದೀಪ ಮತ್ತು ಸದ್ದು ತಗ್ಗಿಸುವುದು. ನಿಮ್ಮಿಂದ ಬೇಕಾದದ್ದು, ಹತ್ತು ಜನ ಸುತ್ತ ನಿಂತು ‘ಏನಾಯಿತು ಕಂದಾ’ ಎಂದು ಅಲುಗಾಡಿಸದಿರುವುದು. ಒಬ್ಬರು ಪಕ್ಕದಲ್ಲಿದ್ದು, ಬೀಳದಂತೆ ಹಿಡಿದುಕೊಂಡರೆ ಸಾಕು.

ಅರಿವಳಿಕೆಯಿಂದ ಮಿದುಳಿನ ಬೆಳವಣಿಗೆಗೆ ತೊಂದರೆ ಆಗುತ್ತದೆಯೇ?

ಪ್ರಶ್ನೆ ಅಂತರ್ಜಾಲದ ವದಂತಿಯಿಂದ ಹುಟ್ಟಿದ್ದಲ್ಲ. ಮರಿ ಪ್ರಾಣಿಗಳ ಮಿದುಳಿನಲ್ಲಿ ಬದಲಾವಣೆ ಕಂಡದ್ದರಿಂದ, ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2016ರ ಡಿಸೆಂಬರ್‌ನಲ್ಲಿ ಎಚ್ಚರಿಕೆ ಕೊಟ್ಟಿತು: ಮೂರು ವರ್ಷದೊಳಗಿನ ಮಕ್ಕಳಿಗೆ ಮೂರು ಗಂಟೆ ಮೀರಿದ ಅಥವಾ ಪದೇ ಪದೇ ಕೊಡುವ ಅರಿವಳಿಕೆಯ ಬಗ್ಗೆ ಯೋಚಿಸಿ ನಿರ್ಧರಿಸಿ ಎಂದು. ಇನ್ನೊಂದೆಡೆ ಏಳು ದೇಶಗಳ 722 ಹಸುಳೆಗಳ ಮೇಲೆ ನಡೆದ ಅಧ್ಯಯನ 2019ರಲ್ಲಿ ಪ್ರಕಟವಾಯಿತು. ಹರ್ನಿಯಾ ಶಸ್ತ್ರಚಿಕಿತ್ಸೆಗೆ ಕೆಲವರಿಗೆ ಸೆವೊಫ್ಲುರೇನ್, ಉಳಿದವರಿಗೆ ಎಚ್ಚರವಿಟ್ಟು ಸೊಂಟದ ಕೆಳಗೆ ಮರಗಟ್ಟಿಸುವ ಮದ್ದು ಕೊಟ್ಟಿದ್ದರು. ಅನಿಲ ಕೊಟ್ಟ ಅವಧಿ ಸುಮಾರು ಒಂದು ಗಂಟೆಯೊಳಗೆ. ಐದು ವರ್ಷ ತುಂಬಿದಾಗ ಎರಡೂ ಗುಂಪಿನ ಬುದ್ಧಿಮತ್ತೆಯಲ್ಲಿ ವ್ಯತ್ಯಾಸ ಕಾಣಲಿಲ್ಲ.

ನಾಲ್ಕೈದು ವರ್ಷದ ಮಗುವಿಗೆ ಒಂದು ಸಲದ ಹಲ್ಲಿನ ಚಿಕಿತ್ಸೆಗಾಗಿ ಇದನ್ನೇ ನೆನೆದು ನಿದ್ದೆಗೆಡಬೇಕಾಗಿಲ್ಲ. ಎರಡು ವರ್ಷದ ಮಗುವಾಗಿದ್ದರೆ, ಕಾಯಲು ಸಾಧ್ಯವೇ ಎಂದು ಕೇಳುವುದು ಸರಿ. ಕೆಲವೊಮ್ಮೆ ಹುಳುಕು ಹರಡದಂತೆ ತಡೆಯುವ ಬೆಳ್ಳಿಯ ದ್ರಾವಣ ಹಚ್ಚಿ ಒಂದೆರಡು ವರ್ಷ ದೂಡಬಹುದು. ಹಲ್ಲು ಕಪ್ಪಾಗುತ್ತದೆ, ಅಷ್ಟೆ. ಆದರೆ ಕೀವು ತುಂಬಿ ಮುಖ ಊದಿದ ಮಗುವಿಗೆ ಕಾಯಿರಿ ಎನ್ನುವುದು ಜಾಣತನವಲ್ಲ.

ಎಲ್ಲ ಹಲ್ಲುಗಳನ್ನೂ ಒಂದೇ ಸಲ ಮಾಡಿಸುವುದು ಅತಿಯಾಗದೇ?

ಮೇಲಿನ ಉತ್ತರದಲ್ಲೇ ಇದಕ್ಕೂ ಉತ್ತರವಿದೆ: ಎರಡು ಸಲ ಮಲಗಿಸುವುದಕ್ಕಿಂತ ಒಂದು ಸಲ ಮೇಲು. ಅನುಮಾನದ ಹಲ್ಲನ್ನು ‘ಮುಂದೆ ನೋಡೋಣ’ ಎಂದು ಬಿಡದೆ ಅಂದೇ ತೀರ್ಮಾನಿಸುವುದು ಈ ಕಾರಣಕ್ಕೇ.

ಸ್ವಲ್ಪ ನೆಗಡಿ ಇದೆ. ಶಸ್ತ್ರಚಿಕಿತ್ಸೆಯ ದಿನಾಂಕ ಕಷ್ಟಪಟ್ಟು ಸಿಕ್ಕಿದೆ. ಹೇಳಬೇಕೇ?

ಹೇಳಲೇಬೇಕು. ಇದನ್ನು ಮುಚ್ಚಿಟ್ಟು ಬರುವ ಪೋಷಕರ ಮೇಲೆ ನನಗೆ ನಿಜವಾಗಿ ಸಿಟ್ಟು ಬರುತ್ತದೆ. ಹಲ್ಲಿನ ಕೆಲಸದಲ್ಲಿ ದಂತವೈದ್ಯರೂ ಅರಿವಳಿಕೆ ತಜ್ಞರೂ ಒಂದೇ ಪುಟ್ಟ ಬಾಯಿಯನ್ನು ಹಂಚಿಕೊಳ್ಳಬೇಕು. ಅಲ್ಲಿ ನೀರು, ರಕ್ತ, ಹಲ್ಲಿನ ಚೂರು ಎಲ್ಲವೂ ಇರುತ್ತದೆ. ಬಾಯಿ ಖಾಲಿಯಿರಲೆಂದು ಉಸಿರಿನ ಕೊಳವೆಯನ್ನು ಹೆಚ್ಚಾಗಿ ಮೂಗಿನ ಮೂಲಕವೇ ಹಾಕುತ್ತಾರೆ. ಸೋಂಕಿನಿಂದ ಕೆರಳಿದ ಶ್ವಾಸನಾಳ ಕೊಳವೆಗೂ ಕಫಕ್ಕೂ ಥಟ್ಟನೆ ಸೆಳೆತಗೊಳ್ಳುತ್ತದೆ, ಆಮ್ಲಜನಕ ಇಳಿಯುತ್ತದೆ. ಬರೀ ನೀರಿಳಿಯುವ ಮೂಗಾದರೆ ತಜ್ಞರು ನೋಡಿ ಮುಂದುವರಿಸಬಹುದು. ಜ್ವರ, ಹಳದಿ ಸಿಂಬಳ, ಎದೆಯಲ್ಲಿ ಗೊರಗೊರ ಇದ್ದರೆ ಎರಡು ವಾರ ಮುಂದೂಡುತ್ತಾರೆ. ಉಬ್ಬಸದ ಮಗುವಾದರೆ ಪಂಪ್ ತಪ್ಪಿಸಬೇಡಿ, ಜೊತೆಯಲ್ಲೇ ತನ್ನಿ. ಮನೆಯಲ್ಲಿ ಬೀಡಿ, ಸಿಗರೇಟು ಸೇದುವವರಿದ್ದರೆ ಅದನ್ನೂ ಹೇಳಿ. ಆ ಹೊಗೆಯೂ ಇದೇ ಅಪಾಯವನ್ನು ಹೆಚ್ಚಿಸುತ್ತದೆ. ರಾತ್ರಿ ಗೊರಕೆ ಹೊಡೆದು ನಡುವೆ ಉಸಿರು ನಿಲ್ಲಿಸುವ ಮಗುವಾದರೂ ಅಷ್ಟೇ.

ಮನೆತನದ ಬಗ್ಗೆ ಏನೇನೋ ಕೇಳುತ್ತಾರೆ. ಹಲ್ಲಿಗೂ ಅದಕ್ಕೂ ಏನು ಸಂಬಂಧ?

ಹಲ್ಲಿಗಲ್ಲ, ಅರಿವಳಿಕೆಗೆ. ಕೆಲವು ಕುಟುಂಬಗಳಲ್ಲಿ ಹರಿದುಬರುವ ಒಂದು ದೋಷದಿಂದ, ಸೆವೊಫ್ಲುರೇನ್, ಹ್ಯಾಲೊಥೇನ್‌ನಂಥ ಆವಿ ಅರಿವಳಿಕೆ ತಗುಲಿದ ಕೂಡಲೇ ಸ್ನಾಯುಗಳು ಬಿಗಿದು, ಮೈಬಿಸಿ ಕೈಮೀರಿ ಏರಬಹುದು. ಬಹಳ ವಿರಳ, ಆದರೆ ಮಾರಕ. ಡಾಂಟ್ರೊಲೀನ್ ಎಂಬ ಒಂದೇ ಮದ್ದು ಇದಕ್ಕೆ. ಹತ್ತಿರದ ರಕ್ತಸಂಬಂಧಿಕರು ಯಾರಾದರೂ ಅರಿವಳಿಕೆಯಲ್ಲಿ ತೀವ್ರ ಜ್ವರ ಬಂದು ತೀರಿಕೊಂಡ ಕಥೆ ಇದ್ದರೆ ಹೇಳಿ. ನೈಟ್ರಸ್ ಆಕ್ಸೈಡ್ ಮತ್ತು ಪ್ರೊಪೊಫಾಲ್ ಇಂಥವರಿಗೂ ಸುರಕ್ಷಿತ. ತಡವಾಗಿ ನಡೆಯಲು ಕಲಿತ, ಮೇಲಿಂದ ಮೇಲೆ ಬೀಳುವ, ಮೀನಖಂಡ ದಪ್ಪಗಿರುವ ಹುಡುಗರಲ್ಲಿ ಸ್ನಾಯು ಕ್ಷಯದ ಅನುಮಾನವಿದ್ದರೂ ಆವಿ ಅರಿವಳಿಕೆ ಕೊಡುವುದಿಲ್ಲ.

ಇನ್ನೊಂದು ದಕ್ಷಿಣ ಭಾರತದ್ದೇ ವಿಷಯ. ಆರ್ಯವೈಶ್ಯ ಸಮುದಾಯದಲ್ಲಿ ಒಂದು ಕಿಣ್ವದ ಕೊರತೆ ಇತರರಿಗಿಂತ ಹೆಚ್ಚು. ಕೊಳವೆ ಹಾಕಲು ಕೊಡುವ ಸಕ್ಸಿನೈಲ್‌ಕೋಲಿನ್ ಎಂಬ ಸ್ನಾಯು ಸಡಿಲಿಸುವ ಮದ್ದು ಸಾಮಾನ್ಯವಾಗಿ ಕೆಲವೇ ನಿಮಿಷದಲ್ಲಿ ಇಳಿಯುತ್ತದೆ. ಕೊರತೆಯಿದ್ದವರಲ್ಲಿ ಗಂಟೆಗಟ್ಟಲೆ ಉಳಿದುಬಿಡುತ್ತದೆ, ಅಷ್ಟು ಹೊತ್ತು ಯಂತ್ರದಲ್ಲಿಯೇ ಉಸಿರಾಡಿಸಬೇಕಾಗುತ್ತದೆ. ಅದು ಅನಿಲದ ದೋಷವಲ್ಲ, ಮೊದಲೇ ತಿಳಿದಿದ್ದರೆ ಬೇರೆ ಮದ್ದು ಬಳಸಿ ಸುಲಭವಾಗಿ ತಪ್ಪಿಸಬಹುದು. ಆದ್ದರಿಂದ ‘ನೀವು ಯಾವ ಜನ’ ಎಂದು ಅರಿವಳಿಕೆ ತಜ್ಞರು ಕೇಳಿದರೆ ನೊಂದುಕೊಳ್ಳಬೇಡಿ. ಸೋದರಿಕೆಯ ಮದುವೆಯ ಬಗ್ಗೆ ಕೇಳುವುದೂ ಇಂಥ ಕಾರಣಕ್ಕೇ. ಚಾಮರಾಜನಗರ, ಹೆಗ್ಗಡದೇವನಕೋಟೆ ಕಡೆಯ ಬುಡಕಟ್ಟು ಕುಟುಂಬಗಳ ಮಕ್ಕಳಾದರೆ ಕುಡಗೋಲು ಕಣದ ರಕ್ತಹೀನತೆಯ ಪರೀಕ್ಷೆ ಆಗಿದೆಯೇ ಎಂದು ನೋಡುವುದು ಒಳ್ಳೆಯದು; ಅಂಥ ಮಗುವಿಗೆ ಆಮ್ಲಜನಕ ಇಳಿಯುವುದು, ಮೈ ತಣ್ಣಗಾಗುವುದು, ನೀರಿನಂಶ ಕಡಿಮೆಯಾಗುವುದು ಮೂರೂ ಕೂಡದು.

ಎಷ್ಟು ಹೊತ್ತು ಉಪವಾಸ?

ನಗೆ ಅನಿಲ ಒಂದಕ್ಕೇ ಉಪವಾಸ ಬೇಕಿಲ್ಲ. ಹೊಟ್ಟೆ ತುಂಬ ಪೂರಿ, ದೋಸೆ ತಿಂದು ಬಂದರೆ ವಾಂತಿಯಾಗಬಹುದು, ಹಗುರವಾಗಿ ತಿನ್ನಿಸಿ. ಪೂರ್ಣ ಅರಿವಳಿಕೆಗೆ ಘನ ಆಹಾರ ಆರು ಗಂಟೆ ಮೊದಲು ನಿಲ್ಲಬೇಕು, ಕರಿದದ್ದು, ಮಾಂಸವಾದರೆ ಎಂಟು. ಹಸುವಿನ ಹಾಲು, ಪುಡಿ ಹಾಲು ಆರು, ತಾಯಿಯ ಹಾಲು ನಾಲ್ಕು. ತಿಳಿನೀರು ಎರಡು ಗಂಟೆ ಮೊದಲಿನವರೆಗೂ ಕೊಡಬಹುದು, ಕೊಡಲೂ ಬೇಕು.

ತೊಂದರೆ ಆಗುವುದು ತಿಳಿನೀರಿನ ಲೆಕ್ಕದಲ್ಲಿ. ಮಜ್ಜಿಗೆ, ರಾಗಿ ಅಂಬಲಿ, ಗಂಜಿ, ಹಾಲು ಹಾಕಿದ ಚಹಾ ಯಾವುದೂ ತಿಳಿನೀರಲ್ಲ. ನೀರು, ಸಕ್ಕರೆ ನೀರು, ತಿರುಳಿಲ್ಲದ ಸೋಸಿದ ಹಣ್ಣಿನ ರಸ ಸರಿ. ಇನ್ನು ಆಸ್ಪತ್ರೆಯ ವರಾಂಡದಲ್ಲಿ ‘ಪಾಪ, ಮಗು ಹಸಿದಿದೆ’ ಎಂದು ಅಜ್ಜಿ ಸೆರಗಿನ ಮರೆಯಿಂದ ಕೊಟ್ಟ ಬಿಸ್ಕತ್ತಿನ ಬಗ್ಗೆ: ಕೊಟ್ಟಿದ್ದರೆ ಹೇಳಿಬಿಡಿ. ಯಾರೂ ಬೈಯುವುದಿಲ್ಲ, ಪಟ್ಟಿಯಲ್ಲಿ ನಿಮ್ಮ ಸರದಿ ಕೆಳಗೆ ಹೋಗುತ್ತದೆ ಅಷ್ಟೆ.

ಪೂರ್ಣ ಅರಿವಳಿಕೆಯನ್ನು ಹಲ್ಲಿನ ಕ್ಲಿನಿಕ್‌ನಲ್ಲೇ ಮಾಡುತ್ತೇವೆ ಎನ್ನುತ್ತಾರೆ. ಒಪ್ಪಬಹುದೇ?

ಬ್ರಿಟನ್ನಿನಲ್ಲಿ ಹಲ್ಲಿನ ಕುರ್ಚಿಯಲ್ಲೇ ಮಲಗಿಸಿ ಹಲ್ಲು ಕೀಳುವ ಪದ್ಧತಿ ಒಂದು ಶತಮಾನಕ್ಕೂ ಹೆಚ್ಚು ನಡೆಯಿತು. ಆರೋಗ್ಯವಂತ ಮಕ್ಕಳು ಸಾಯುತ್ತಿದ್ದುದು ಆಗಾಗ ಸುದ್ದಿಯಾಗುತ್ತಿತ್ತು. ಕೊನೆಗೆ 2001ರ ಡಿಸೆಂಬರ್ 31ರ ಬಳಿಕ, ತೀವ್ರ ನಿಗಾ ಸೌಲಭ್ಯವಿರುವ ಆಸ್ಪತ್ರೆಯಲ್ಲಿ ಮಾತ್ರ ಎಂದು ನಿಯಮವಾಯಿತು. ಅನಿಲ ಬದಲಾದದ್ದರಿಂದ ಅಲ್ಲ, ಜಾಗ ಮತ್ತು ಜನ ಬದಲಾದದ್ದರಿಂದ ಅಲ್ಲಿನ ಮಕ್ಕಳಿಗೆ ಹೆಚ್ಚು ಲಾಭವಾಯಿತು ಎಂದು ನಾನು ತಿಳಿಯುತ್ತೇನೆ.

ನೀವು ಕೇಳಬೇಕಾದದ್ದು ಇಷ್ಟು. ಅರಿವಳಿಕೆ ಕೊಡುವವರು ಯಾರು, ಮಕ್ಕಳಿಗೆ ಕೊಟ್ಟ ಅನುಭವ ಅವರಿಗಿದೆಯೇ? ಹಲ್ಲಿನ ಕೆಲಸ ಮಾಡುವವರೇ ಅರಿವಳಿಕೆಯನ್ನೂ ನೋಡಿಕೊಳ್ಳುತ್ತಾರೆ ಎಂದರೆ ಅಲ್ಲಿಂದ ಎದ್ದು ಬನ್ನಿ. ಆಮ್ಲಜನಕದ ಜೊತೆಗೆ, ಹೊರಬಿಡುವ ಉಸಿರಿನ ಇಂಗಾಲದ ಡೈಆಕ್ಸೈಡ್ ಅಳೆಯುವ ಮಾನಿಟರ್ ಇದೆಯೇ? ಉಸಿರು ನಿಂತದ್ದನ್ನು ಅದು ಮೊದಲು ಹೇಳುತ್ತದೆ, ಬೆರಳಿನ ಕ್ಲಿಪ್ ಆಮೇಲೆ. ಚೇತರಿಕೆಗೆ ಬೇರೆ ಜಾಗ, ನೋಡಿಕೊಳ್ಳಲು ದಾದಿ ಇದ್ದಾರೆಯೇ? ಎಡವಟ್ಟಾದರೆ ಮಕ್ಕಳ ಐಸಿಯು ಎಲ್ಲಿದೆ, ಎಷ್ಟು ದೂರ? ಕರ್ನಾಟಕದಲ್ಲಿ ಖಾಸಗಿ ವೈದ್ಯಕೀಯ ಸಂಸ್ಥೆಗಳು 2007ರ ಕಾಯ್ದೆಯಡಿ ನೋಂದಾಯಿಸಿಕೊಂಡಿರಬೇಕು. ಪ್ರಮಾಣಪತ್ರ ಗೋಡೆಯ ಮೇಲೆ ಇದೆಯೇ ನೋಡಿ.

ನಾನು ಗರ್ಭಿಣಿ. ನಗೆ ಅನಿಲ ಕೊಡುವಾಗ ಮಗುವಿನ ಪಕ್ಕ ಕೂರಬಹುದೇ?

ಬೇಡ. ಮಗು ಮಾತಾಡಿದಾಗ, ಅತ್ತಾಗ ಅನಿಲ ಕೋಣೆಗೆ ಸೋರುತ್ತದೆ. ಹೀರಿ ಹೊರಹಾಕುವ ವ್ಯವಸ್ಥೆ ಇದ್ದರೂ ತಂದೆಯೋ ಅಜ್ಜಿಯೋ ಕೂರಲಿ.

ಮನೆಗೆ ಬಂದ ಮೇಲೆ ಏನು ನೋಡಿಕೊಳ್ಳಬೇಕು?

ನಗೆ ಅನಿಲವಾದರೆ ಹೆಚ್ಚೇನೂ ಇಲ್ಲ; ಮಗು ಸಂಜೆ ಆಟಕ್ಕೂ ಹೋಗಬಹುದು. ಪೂರ್ಣ ಅರಿವಳಿಕೆಯ ನಂತರ ಆ ದಿನ ಸೈಕಲ್, ಮೆಟ್ಟಿಲು ಹತ್ತುವ ಆಟ ಬೇಡ. ಗಂಟಲು ಕೆರೆತ, ಮೂಗಿನಿಂದ ಒಂದೆರಡು ಹನಿ ರಕ್ತ ಕೊಳವೆಯ ಗುರುತು, ಮರುದಿನಕ್ಕೆ ಇಳಿಯುತ್ತದೆ. ಮೊದಲು ನೀರು ಕೊಡಿ, ಅದು ವಾಂತಿಯಾಗದೆ ಹೊಟ್ಟೆಯಲ್ಲಿ ಉಳಿದರೆ ತಣ್ಣನೆಯ ಮೆತ್ತಗಿನ ಮೊಸರನ್ನ. ಎಲ್ಲಕ್ಕಿಂತ ಹೆಚ್ಚಾಗಿ ತುಟಿಯ ಮೇಲೆ ಕಣ್ಣಿಡಿ. ಮರಗಟ್ಟಿದ ತುಟಿಯನ್ನು ಮಕ್ಕಳು ತಿಳಿಯದೆ ಜಗಿದು ಗಾಯ ಮಾಡಿಕೊಳ್ಳುತ್ತಾರೆ, ಮರುದಿನ ಊದಿದ ತುಟಿಯನ್ನು ಕಂಡು ಪೋಷಕರು ಅದನ್ನು ಅನಿಲದ ಅಲರ್ಜಿ ಎಂದುಕೊಳ್ಳುತ್ತಾರೆ. ಮದ್ದಿನ ಜೋಮು ಇಳಿಯುವವರೆಗೆ, ಎರಡು ಮೂರು ಗಂಟೆ, ಗಟ್ಟಿ ತಿಂಡಿ ಬೇಡ. ಉಸಿರಾಟದಲ್ಲಿ ಸದ್ದು, ನಿಲ್ಲದ ವಾಂತಿ, ಬಟ್ಟೆ ಒತ್ತಿಹಿಡಿದರೂ ನಿಲ್ಲದ ರಕ್ತ, ಎಬ್ಬಿಸಿದರೂ ಏಳದ ಮಂಪರು ಕಂಡರೆ ಫೋನಿನಲ್ಲಿ ಸಲಹೆ ಕೇಳುತ್ತ ಕೂರದೆ ನೇರ ಆಸ್ಪತ್ರೆಗೆ ಹೊರಡಿ.